‘ಪ್ರತಿಗಳು ಮುಗಿದಿವೆ’ ಅನ್ನಬೇಡಿ ಸ್ವಾಮಿ

ಹೋದ ವರ್ಷ ರಾಜ್ಯೋತ್ಸವಕ್ಕೆ ಇನ್ನೂ ವಾರ ಇದ್ದಾಗ, ನಮ್ಮ ಟೀಮಿನವರೆಲ್ಲ ಅವತ್ತು ಕನ್ನಡದ ಟೀ ಶರ್ಟ್ ಹಾಕ್ಕೊಂಡು ಬರಬೇಕು ಅಂತ ತೀರ್ಮಾನವಾಯ್ತು. ರಾತ್ರಿ ಹತ್ತು ಗಂಟೆಗೆ ಮಲಗಿಕೊಂಡೇ ಫೋನಿನಲ್ಲಿ ಆರ್ಡರ್ ಮಾಡಿದೆ. ಐದನೇ ದಿನಕ್ಕೆ ಶರ್ಟು ಮನೆ ಬಾಗಿಲಿಗೆ ಬಂತು.

ಆ ಶರ್ಟು ಮಾರಿದ ಹುಡುಗ ನನಗೆ ಪರಿಚಯ. ಒಂದು ರೂಮು ಬಾಡಿಗೆ ಹಿಡಿದು ಇದ್ದಾನೆ. ಅವನ ರೂಮಿನಲ್ಲಿ ಅವನು ಹಾಕಿಕೊಳ್ಳೋ ಬಟ್ಟೆ ಬಿಟ್ಟರೆ ಮಾರೋದಕ್ಕೆ ಅಂತ ಒಂದು ಶರ್ಟೂ ಇಲ್ಲ. ಅವನ ಹತ್ರ ಇರೋದು ಡಿಸೈನ್ ಫೈಲುಗಳು. ಅದೇ ಡಿಸೈನು ಅವನ ಸ್ವಂತ ಸೈಟಿನಲ್ಲಿದೆ, ಇನ್ನೆರಡು ದೊಡ್ಡ ಸೈಟುಗಳಲ್ಲೂ ಇದೆ. ಎಲ್ಲಿ ಆರ್ಡರ್ ಬಿದ್ದರೂ ಅದು ತಾನಾಗೇ ಪ್ರಿಂಟ್ ಮಾಡುವವರಿಗೆ ಹೋಗುತ್ತೆ. ಅವರು ಒಂದೇ ಒಂದು ಶರ್ಟು ಪ್ರಿಂಟ್ ಮಾಡಿ, ಪ್ಯಾಕ್ ಮಾಡಿ, ಇವನ ಹೆಸರಿನ ಚೀಟಿ ಅಂಟಿಸಿ ಕಳಿಸ್ತಾರೆ. ನಾನು ಆರ್ಡರ್ ಮಾಡಿದಾಗ ಆ ಶರ್ಟು ಪ್ರಪಂಚದಲ್ಲೇ ಇರಲಿಲ್ಲ.

ಅದೇ ವಾರ ನನಗೆ ಒಂದು ಕನ್ನಡ ಪುಸ್ತಕವೂ ಬೇಕಿತ್ತು. ನಮ್ಮೂರಿನ ಮೇಷ್ಟ್ರು, ಈಗ ರಿಟೈರ್ ಆಗಿದ್ದಾರೆ, 2009ರಲ್ಲಿ ನಮ್ಮ ಹೋಬಳಿಯ ಕೆರೆಗಳ ಬಗ್ಗೆ ಬರೆದ ಪುಸ್ತಕ. ಯಾವ ಕೆರೆಗೆ ನೀರು ಎಲ್ಲಿಂದ ಬರ್ತಿತ್ತು, ಕೋಡಿ ಬಿದ್ದರೆ ಮುಂದಿನ ಯಾವ ಕೆರೆಗೆ ಹೋಗ್ತಿತ್ತು, ತೂಬು ಎಲ್ಲಿದೆ, ನೀರುಗಂಟಿ ಮನೆತನ ಯಾವುದು, ಎಲ್ಲವನ್ನೂ ಸೈಕಲ್ ಮೇಲೆ ಓಡಾಡಿ ಕೇಳಿ ಬರೆದದ್ದು. ಕೊನೆಯಲ್ಲಿ ಅವರೇ ಬರೆದ ನಕ್ಷೆಗಳಿವೆ. ಪ್ರಕಾಶಕರಿಗೆ ಫೋನ್ ಮಾಡಿದೆ.

‘ಅದಾ? ಪ್ರತಿಗಳು ಮುಗಿದಿವೆ ಸಾರ್.’

‘ಮತ್ತೆ ಪ್ರಿಂಟ್ ಮಾಡ್ತೀರಾ?’

‘ಒಂದು ಐನೂರು ಪ್ರತಿಗೆ ಬೇಡಿಕೆ ಇದ್ರೆ ನೋಡ್ಬೋದು. ಯಾರು ಓದ್ತಾರೆ ಸಾರ್ ಈಗ?’

ಪುಸ್ತಕ ನನ್ನ ಶೋಕಿಗೆ ಬೇಕಾಗಿರಲಿಲ್ಲ. ನಮ್ಮೂರ ಕೆರೆಯ ಹೂಳು ತೆಗೆಸೋ ಕೆಲಸ ಮಂಜೂರಾಗಿತ್ತು. ಕೆಲಸ ನೋಡಿಕೊಳ್ಳೋ ಹುಡುಗ, ಅವನೂ ನನ್ನ ಹಾಗೆ ಬಿಇ, ಹಳೇ ಕಾಲುವೆಗಳು ಎಲ್ಲಿದ್ದವು ಅಂತ ಎಲ್ಲಾದ್ರೂ ಬರೆದಿದೆಯಾ ಅಂತ ಕೇಳಿದ್ದ. ಮೇಷ್ಟ್ರ ಮನೆಯಲ್ಲಿದ್ದ ಒಂದೇ ಪ್ರತಿಗೆ ಗೆದ್ದಲು ಹಿಡಿದು ನಕ್ಷೆಯ ಪುಟಗಳು ಜಾಲರಿಯಾಗಿದ್ದವು. ನಾನು ಅಲ್ಲಿ ಇಲ್ಲಿ ಹುಡುಕೋ ಹೊತ್ತಿಗೆ ಜೆಸಿಬಿ ಬಂತು, ಹೂಳು ತೆಗೀತು, ತೆಗೆದ ಹೂಳಿನಲ್ಲಿ ಒಂದಷ್ಟನ್ನು ಪಡುವಣ ದಿಕ್ಕಿನ ಹಳೇ ನೀರುಗಾಲುವೆ ಮೇಲೇ ಸುರಿದು ಹೋದ್ರು. ಕೆರೆ ಆಳವಾಯ್ತು, ಅದಕ್ಕೆ ನೀರು ಬರೋ ದಾರಿ ಮುಚ್ಚಿಹೋಯ್ತು. ಆ ಕಾಲುವೆಯ ಬಗ್ಗೆ ಪುಸ್ತಕದಲ್ಲಿ ಎರಡು ಪುಟ ಇದೆ.

ಈ ಲೇಖನ ಬರೀತಿರೋದು ಆ ಸಿಟ್ಟಿನಲ್ಲೇ. ನಾನು ಹೇಳಬೇಕಾದದ್ದು ಇಷ್ಟೆ: ಇವತ್ತಿನ ದಿನ ‘ಪ್ರತಿಗಳು ಮುಗಿದಿವೆ’ ಅನ್ನೋ ಮಾತಿಗೆ ಅರ್ಥ ಇಲ್ಲ. ಅಕ್ಕಿ ಮುಗಿಯುತ್ತೆ, ಸೀಮೆಎಣ್ಣೆ ಮುಗಿಯುತ್ತೆ. ಫೈಲು ಮುಗಿಯೋದಿಲ್ಲ. ಮುಗಿದಿದೆ ಅಂದ್ರೆ ‘ನಾವು ಮಾಡೋದಿಲ್ಲ’ ಅಂತ ಅರ್ಥ. ಹಾಗಂತಲೇ ಹೇಳಿ, ಓದುಗರ ಮೇಲೆ ಹಾಕಬೇಡಿ.

ಇದೇನು ನಿನ್ನೆ ಮೊನ್ನೆ ಬಂದ ತಂತ್ರಜ್ಞಾನ ಅಲ್ಲ. ಅಮೆರಿಕದ ಇಂಗ್ರಾಮ್ ಕಂಪನಿ 1997ರಲ್ಲೇ ‘ಲೈಟ್ನಿಂಗ್ ಪ್ರಿಂಟ್’ ಅನ್ನೋ ಹೆಸರಿನಲ್ಲಿ ಆರ್ಡರ್ ಬಂದ ಮೇಲೆ ಪುಸ್ತಕ ಮುದ್ರಿಸೋ ಕೆಲಸ ಶುರು ಮಾಡ್ತು. ನಮ್ಮ ಬೆಂಗಳೂರಿನಲ್ಲೇ ಪೋಥಿ ಡಾಟ್ ಕಾಮ್ 2008ರಿಂದ ಇದೇ ಕೆಲಸ ಮಾಡ್ತಿದೆ. ಮೇಷ್ಟ್ರ ಪುಸ್ತಕ ಬಂದದ್ದು 2009ರಲ್ಲಿ. ಅಂದ್ರೆ ಆ ಪುಸ್ತಕ ಹುಟ್ಟೋಕೆ ಮುಂಚೆಯೇ ಅದನ್ನು ಸಾಯದ ಹಾಗೆ ನೋಡಿಕೊಳ್ಳೋ ವ್ಯವಸ್ಥೆ ನಮ್ಮ ಊರಿಗೆ ಬಂದಿತ್ತು.

‘ಒಂದೊಂದೇ ಪ್ರತಿ ಹಾಕಿದ್ರೆ ದುಬಾರಿ ಸಾರ್’ ಅಂತಾರೆ. ಸರಿ, ಲೆಕ್ಕ ಹಾಕೋಣ. ಮೇಷ್ಟ್ರ ಪುಸ್ತಕ 168 ಪುಟ. ಸಾವಿರ ಪ್ರತಿ ಆಫ್‌ಸೆಟ್‌ನಲ್ಲಿ ಹಾಕಿಸಿದ್ರೆ ಪ್ರತಿಗೆ 60 ರೂಪಾಯಿ ಬೀಳುತ್ತೆ ಅಂತ ನಮಗೆ ಹೇಳಿದ್ರು. ಒಂದೊಂದೇ ಹಾಕಿಸಿದ್ರೆ 110 ರೂಪಾಯಿ. ಬೆಲೆ 250 ಇಟ್ಟೆವು. ಆಫ್‌ಸೆಟ್ ದಾರಿಯಲ್ಲಿ ಅಂಗಡಿಯವರಿಗೆ ಶೇಕಡಾ 40 ಕಮಿಷನ್ ಅಂದ್ರೆ 100 ರೂಪಾಯಿ, ಲೇಖಕರಿಗೆ ಶೇಕಡಾ 10 ಅಂದ್ರೆ 25. ಉಳಿಯೋದು 65. ಒಂದೊಂದೇ ಹಾಕಿ ದೊಡ್ಡ ಸೈಟಿನಲ್ಲಿ ಮಾರಿದ್ರೆ ಅವರು ಹಿಡಿಯೋದು 75ರ ಹತ್ತಿರ, ಲೇಖಕರ 25 ಕಳೆದ್ರೆ ಉಳಿಯೋದು 40. ಸ್ವಂತ ಸೈಟಿನಲ್ಲಿ ಮಾರಿದ್ರೆ ಹಣ ಪಾವತಿಯ ಖರ್ಚು 5 ರೂಪಾಯಿ, ಅಂಚೆ ವೆಚ್ಚ ಓದುಗರದ್ದು, ಲೇಖಕರಿಗೆ ಕೊಟ್ಟು ಉಳಿಯೋದು 110.

ಈಗ ಯಾವುದು ದುಬಾರಿ? ಆಫ್‌ಸೆಟ್‌ನ 65 ರೂಪಾಯಿ ಸಿಗೋದು ಪುಸ್ತಕ ಮಾರಾಟವಾದ್ರೆ ಮಾತ್ರ. ಅದಕ್ಕೆ ಮುಂಚೆ 60 ಸಾವಿರ ಕೈಯಿಂದ ಹಾಕಬೇಕು, ಗೋಡೌನ್ ಬಾಡಿಗೆ ಕಟ್ಟಬೇಕು, ಇಲಿ ಗೆದ್ದಲಿಗೆ ಪಾಲು ಕೊಡಬೇಕು. ಹೊಸ ಕಾದಂಬರಿಗೆ ಸಾವಿರ ಪ್ರತಿ ಹಾಕ್ತೀರಾ, ಹಾಕಿ, ಬೇಡ ಅಂದವರಾರು? ನಾನು ಹೇಳ್ತಿರೋದು ವರ್ಷಕ್ಕೆ ಮೂವತ್ತು ನಲವತ್ತು ಜನಕ್ಕೆ ಬೇಕಾಗೋ ಪುಸ್ತಕದ ಕಥೆ. ಕನ್ನಡದಲ್ಲಿ ಅಂಥವೇ ಜಾಸ್ತಿ.

ಇನ್ನು ಜೋಡಿಸೋ ಕೆಲಸ. ಇದು ನನ್ನ ಕಸುಬು, ಆದ್ದರಿಂದ ಸುಳ್ಳು ಹೇಳೋದಿಲ್ಲ. ‘ಒಂದೇ ಕ್ಲಿಕ್ಕಿನಲ್ಲಿ ಎಲ್ಲಾ ಅಂಗಡಿ ಜೋಡಿಸಿ’ ಅಂತ ಜಾಹೀರಾತು ಹಾಕೋರನ್ನ ನಂಬಬೇಡಿ. ಹಾಗಂತ ಚಂದ್ರಯಾನವೂ ಅಲ್ಲ. ಮೇಷ್ಟ್ರ ಹತ್ರ ಕಾಗದ ಪತ್ರದ ಒಪ್ಪಂದ ಯಾವುದೂ ಇರಲಿಲ್ಲ, ಹಕ್ಕು ಅವರದ್ದೇ. ‘ಮಾಡೋದಾದ್ರೆ ಮಾಡಪ್ಪ, ನನ್ನ ಹತ್ರ ದುಡ್ಡಿಲ್ಲ’ ಅಂದ್ರು. ದುಡ್ಡು ಬೇಡ ಮೇಷ್ಟ್ರೇ ಅಂತ ಹೇಳಿ ನಾನೂ ನನ್ನ ಸ್ನೇಹಿತನೊಬ್ಬನೂ ಶನಿವಾರ ಭಾನುವಾರ ಕೂತು ಆರು ವಾರದಲ್ಲಿ ಮುಗಿಸಿದ್ವಿ. ಒಂದು ಕಡೆ ಮುದ್ರಕರು, ಇನ್ನೊಂದು ಕಡೆ ಮೂರು ಅಂಗಡಿ: ನಮ್ಮದೇ ಪುಟ್ಟ ಸೈಟು, ಒಂದು ದೊಡ್ಡ ಮಾರುಕಟ್ಟೆ ಸೈಟು, ಒಂದು ಕನ್ನಡ ಪುಸ್ತಕದಂಗಡಿ. ಎಲ್ಲೆಲ್ಲಿ ಎಡವಿದ್ವಿ ಅಂತ ಹೇಳ್ತೀನಿ, ಮುಂದಿನವರಿಗೆ ಉಪಯೋಗಕ್ಕೆ ಬರಲಿ.

ಮೊದಲನೆಯದು ದಾಸ್ತಾನು. ಅಂಗಡಿ ಸಾಫ್ಟ್‌ವೇರ್‌ಗಳಿಗೆ ‘ಎಷ್ಟು ಪ್ರತಿ ಇದೆ’ ಅನ್ನೋ ಅಂಕಿ ಬೇಕೇ ಬೇಕು. ನಮ್ಮ ಹತ್ರ ಇರೋದು ಸೊನ್ನೆ, ಮಾರಬಹುದಾದದ್ದು ಎಷ್ಟು ಬೇಕಾದರೂ. ಹತ್ತು ಅಂತ ಹಾಕಿದ್ವಿ. ಒಂದು ಸೈಟು ಮಾರಿದ ಹಾಗೆ ಕಳೀತಾ ಹೋಗಿ, ಸೊನ್ನೆ ಮುಟ್ಟಿದಾಗ ಅದೇ ಹಳೇ ಬೋರ್ಡು ಹಾಕಿಬಿಡ್ತು: ಪ್ರತಿಗಳು ಮುಗಿದಿವೆ! ಈಗ ಪ್ರತಿ ರಾತ್ರಿ ಆ ಅಂಕಿಯನ್ನ ಮತ್ತೆ ಹತ್ತಕ್ಕೆ ಏರಿಸೋ ಪುಟ್ಟ ಪ್ರೋಗ್ರಾಂ ಓಡುತ್ತೆ.

ಎರಡನೆಯದು ಒಂದೇ ಆರ್ಡರ್ ಎರಡು ಸಲ ಬರೋದು. ಅಂಗಡಿ ಸೈಟು ‘ಆರ್ಡರ್ ಬಂದಿದೆ’ ಅಂತ ನಮಗೊಂದು ಸಂದೇಶ ಕಳಿಸುತ್ತೆ. ನಾವು ‘ಸಿಕ್ಕಿತು’ ಅಂತ ಬೇಗ ಉತ್ತರ ಕೊಡದಿದ್ರೆ ಅದು ಮತ್ತೆ ಕಳಿಸುತ್ತೆ. ಗೋಡೌನಿನಲ್ಲಿ ಪುಸ್ತಕ ಇಟ್ಟವನಾದ್ರೆ ಒಂದು ಪ್ರತಿ ವಾಪಸ್ ರ‍್ಯಾಕಿಗೆ ಇಡ್ತಾನೆ. ಇಲ್ಲಿ ಎರಡು ಪುಸ್ತಕ ಪ್ರಿಂಟ್ ಆಗಿ ಕೂತಿರುತ್ತೆ. ಅಂಗಡಿಯ ಹೆಸರು, ಆರ್ಡರ್ ನಂಬರ್ ಎರಡನ್ನೂ ಸೇರಿಸಿ ಬರೆದಿಟ್ಟುಕೊಂಡು, ಅದೇ ಜೋಡಿ ಮತ್ತೆ ಬಂದ್ರೆ ಮುದ್ರಕರಿಗೆ ಕಳಿಸದೆ ಸುಮ್ಮನಾಗಬೇಕು. ಇದನ್ನ ಕಲಿಯೋಕೆ ನಮಗೆ ಎರಡು ಪ್ರತಿ ದಂಡವಾಯ್ತು.

ಮೂರನೆಯದು ಕ್ಯಾಶ್ ಆನ್ ಡೆಲಿವರಿ. ಪುಸ್ತಕ ಬಾಗಿಲಿಗೆ ಹೋದಾಗ ‘ಬೇಡ’ ಅಂದ್ರೆ ಅದು ಹೋದ ದಾರಿಯಲ್ಲೇ ವಾಪಸ್ ಬರುತ್ತೆ. ಮುದ್ರಣದ ಖರ್ಚು, ಹೋಗೋ ಖರ್ಚು, ಬರೋ ಖರ್ಚು ಎಲ್ಲ ನಮ್ಮ ತಲೆ ಮೇಲೆ. ಒಂದೊಂದೇ ಪ್ರಿಂಟ್ ಮಾಡೋರು ಮುಂಗಡ ಹಣ ಪಡೆದೇ ಮುಂದುವರಿಬೇಕು. ಇದರಿಂದ ಕೆಲವು ಗಿರಾಕಿಗಳು ತಪ್ಪಿ ಹೋಗ್ತಾರೆ, ನಿಜ.

ನಾಲ್ಕನೆಯದು ದಿನಗಳ ಲೆಕ್ಕ. ದೊಡ್ಡ ಸೈಟು ಎರಡು ದಿನದಲ್ಲಿ ಕಳಿಸಿ ಅನ್ನುತ್ತೆ. ಮುದ್ರಕರು ನಾಲ್ಕು ದಿನ ಕೇಳ್ತಾರೆ. ಸೆಟ್ಟಿಂಗಿನಲ್ಲಿ ಅವಧಿಯನ್ನ ಮೊದಲೇ ಹೆಚ್ಚಿಸಿಡದಿದ್ರೆ ತಡವಾಯ್ತು ಅಂತ ಅಂಗಡಿಗೆ ಕೆಟ್ಟ ಹೆಸರು ಬಂದು, ಹುಡುಕಾಟದಲ್ಲಿ ಪುಸ್ತಕ ಕೆಳಗೆ ಜಾರುತ್ತೆ. ಬೆನ್ನು ಪಟ್ಟಿಯ ಅಗಲವೂ ಅಷ್ಟೆ. ಮುದ್ರಕರು ಕಾಗದ ಬದಲಾಯಿಸಿದ್ರೆ ಪುಸ್ತಕದ ದಪ್ಪ ಬದಲಾಗುತ್ತೆ, ರಕ್ಷಾಪುಟದ ಫೈಲನ್ನೂ ತಿದ್ದಬೇಕು.

ಮೂರನೇ ಅಂಗಡಿ ಕನ್ನಡ ಪುಸ್ತಕದಂಗಡಿ ಅಂದೆನಲ್ಲ, ಅವರ ಸೈಟಿಗೆ ಎಪಿಐ ಅನ್ನೋದೇ ಇಲ್ಲ. ಯಜಮಾನರು ‘ನನಗೆ ಅದೆಲ್ಲ ಗೊತ್ತಾಗಲ್ಲ, ಸಂಜೆ ಒಂದು ಶೀಟಿನಲ್ಲಿ ಬರೆದಿಡ್ತೀನಿ’ ಅಂದ್ರು. ಆ ಶೀಟನ್ನ ನಮ್ಮ ಪ್ರೋಗ್ರಾಂ ರಾತ್ರಿ ಓದುತ್ತೆ. ಇವತ್ತಿನವರೆಗೆ ಒಂದು ಆರ್ಡರೂ ತಪ್ಪಿಲ್ಲ. ತಂತ್ರಜ್ಞಾನ ಇಲ್ಲ ಅಂತ ಕೆಲಸ ನಿಲ್ಲೋದಿಲ್ಲ, ಮನಸ್ಸಿಲ್ಲದಿದ್ರೆ ನಿಲ್ಲುತ್ತೆ.

ನಿಜಕ್ಕೂ ಬೆವರಿಳಿಸಿದ್ದು ಬೇರೆ. ಪುಸ್ತಕದ ಫೈಲ್ ಎಲ್ಲಿ? ಪ್ರಕಾಶಕರ ಹತ್ರ ಇಲ್ಲ. ‘ಡಿಟಿಪಿಯವರ ಹತ್ರ ಇರ್ಬೋದು’. ಡಿಟಿಪಿ ಅಂಗಡಿ ಮುಚ್ಚಿ ಈಗ ಅಲ್ಲಿ ಮೊಬೈಲ್ ರಿಪೇರಿ ನಡೀತಿದೆ. ಅಂಗಡಿಯವರ ಮನೆ ಹುಡುಕಿ ಹೋದ್ರೆ ಅಟ್ಟದ ಮೇಲಿನ ಡಬ್ಬದಲ್ಲಿ ಒಂದು ಸಿಡಿ ಸಿಕ್ತು. ಪೇಜ್‌ಮೇಕರ್ ಫೈಲು, ನುಡಿ ಫಾಂಟು. ಒಳಪುಟಗಳು ಹಳೇ ನುಡಿ ಫಾಂಟಿನಲ್ಲೇ ಇದ್ದರೂ ಮುದ್ರಣಕ್ಕೆ ತೊಂದರೆ ಇಲ್ಲ, ಪಿಡಿಎಫ್ ಮಾಡುವಾಗ ಫಾಂಟು ಅದರೊಳಗೆ ಸೇರಿರಬೇಕು ಅಷ್ಟೆ. ಆದ್ರೆ ಹೆಸರು, ಲೇಖಕರು, ವಿವರ ಇವು ಮಾತ್ರ ಯೂನಿಕೋಡಿನಲ್ಲೇ ಇರಬೇಕು. ಇಲ್ಲದಿದ್ರೆ ಅಂಗಡಿಯ ಹುಡುಕಾಟಕ್ಕೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಚಿಹ್ನೆಗಳ ರಾಶಿ. ಪರಿವರ್ತನೆ ಮಾಡಿದಾಗಲೂ ಅರ್ಕಾವತ್ತು ನೋಡಿಕೊಳ್ಳಬೇಕು. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಜೊತೆಗೆ ಪುಸ್ತಕದ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲೂ ಕೊಡಬೇಕು, ಯಾಕಂದ್ರೆ ನಮ್ಮವರಲ್ಲಿ ಎಷ್ಟೋ ಜನ ಫೋನಿನಲ್ಲಿ ಹಾಗೇ ಟೈಪ್ ಮಾಡಿ ಹುಡುಕ್ತಾರೆ. ಹಳೇ ಪುಸ್ತಕಕ್ಕೆ ಐಎಸ್‌ಬಿಎನ್ ಇರಲಿಲ್ಲ. ಭಾರತದಲ್ಲಿ ಅದನ್ನ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಉಚಿತವಾಗಿ ಕೊಡುತ್ತೆ. ಅರ್ಜಿ ಹಾಕೋ ತಾಳ್ಮೆ ಬೇಕು ಅಷ್ಟೆ.

ಅಂದ ಮೇಲೆ ಯಾಕೆ ಯಾರೂ ಮಾಡ್ತಿಲ್ಲ? ನನ್ನ ಅನುಮಾನ ಹೇಳ್ತೀನಿ, ಬೈದುಕೊಳ್ಳಿ. ನಮ್ಮಲ್ಲಿ ಎಷ್ಟೋ ಪ್ರಕಾಶಕರ ಗಿರಾಕಿ ಓದುಗ ಅಲ್ಲ, ಗ್ರಂಥಾಲಯ ಇಲಾಖೆ. ಸಗಟು ಖರೀದಿಯಲ್ಲಿ ಮುನ್ನೂರು ಪ್ರತಿ ಹೋದ್ರೆ ಪುಸ್ತಕ ಗೆದ್ದ ಹಾಗೆ. ಆ ಬಿಲ್ಲು ಪಾಸಾಗೋಕೆ ವರ್ಷಗಟ್ಟಲೆ ಕಾಯ್ತಾರೆ, ಪಾಪ, ಅವರ ಕಷ್ಟ ನನಗೆ ಗೊತ್ತು. ಸಗಟು ಖರೀದಿ ಇಲ್ಲದಿದ್ರೆ ಎಷ್ಟೋ ಒಳ್ಳೇ ಪುಸ್ತಕ ಹುಟ್ಟುತ್ತಲೇ ಇರಲಿಲ್ಲ ಅನ್ನೋದನ್ನೂ ಒಪ್ಕೋತೀನಿ. ಆದ್ರೆ ಅದರ ಅಡ್ಡ ಪರಿಣಾಮ ನೋಡಿ: ಬಿಲ್ಲು ಬಂದ ದಿನ ಪುಸ್ತಕದ ಆಯಸ್ಸು ಮುಗಿದಂತೆ. ಆಮೇಲೆ ಹಾಸನದಿಂದಲೋ ಹಾವೇರಿಯಿಂದಲೋ ಒಬ್ಬ ಓದುಗ ಫೋನ್ ಮಾಡಿದ್ರೆ ಅವನು ಗಿರಾಕಿ ಅಲ್ಲ, ತಲೆನೋವು. ಹೀಗೆ ಬಂದವರನ್ನೆಲ್ಲ ವಾಪಸ್ ಕಳಿಸಿ, ಸಭೆಯಲ್ಲಿ ಮೈಕು ಹಿಡಿದು ‘ಕನ್ನಡಕ್ಕೆ ಓದುಗರಿಲ್ಲ’ ಅಂತ ಕಣ್ಣೀರು ಹಾಕ್ತೀವಿ.

ನಮ್ಮ ಐಟಿ ಮಂದಿಗೂ ನಾಲ್ಕು ಮಾತು. 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನ ತಂದು ಕನ್ನಡ ಬಿಟ್ಟಾಗ ನಮಗೆ ಉರಿದಿತ್ತು. ಉರಿಯಬೇಕಾದದ್ದೇ. ಆದ್ರೆ ನಮ್ಮ ಪುಸ್ತಕಗಳ ಫೈಲು ಅಟ್ಟದ ಮೇಲೆ ಸಿಡಿಯಲ್ಲಿ ಕೊಳೀತಿರೋದಕ್ಕೆ ಯಾವ ಪರದೇಶದ ಕಂಪನಿ ಕಾರಣ? ಹಗಲೆಲ್ಲ ಯಾವುದೋ ದೇಶದ ಶೂ ಅಂಗಡಿಯ ಆರ್ಡರುಗಳನ್ನ ಗೋಡೌನಿಗೆ ಜೋಡಿಸೋ ಕೆಲಸ ಮಾಡ್ತೀವಿ. ಒಂದು ಆರ್ಡರ್ ಎರಡು ಸಲ ಹೋದ್ರೆ ರಾತ್ರಿ ಎರಡು ಗಂಟೆಗೆ ಎದ್ದು ಸರಿ ಮಾಡ್ತೀವಿ. ನಮ್ಮೂರ ಮೇಷ್ಟ್ರ ಪುಸ್ತಕಕ್ಕೆ ಆರು ಶನಿವಾರ ಕೊಡೋಕೆ ನನಗೇ ಮೂವತ್ತೈದು ವರ್ಷ ಬೇಕಾಯ್ತು. ಅದೂ ಕಾಲುವೆ ಮುಚ್ಚಿದ ಮೇಲೆ. ಎದೆ ಮೇಲೆ ಕನ್ನಡ ಬರೆಸಿಕೊಂಡು ಓಡಾಡೋದು ಸುಲಭ, ಅಷ್ಟೇ ಹೇಳೋದು.

ಹಾಗಂತ ಎಲ್ಲಾ ತಗೊಂಡು ಹೋಗಿ ಒಂದೇ ದೊಡ್ಡ ಸೈಟಿನ ಮಡಿಲಿಗೆ ಹಾಕಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಕೊಂಡವರ ಜೊತೆ ಸಂಪರ್ಕ ಇಟ್ಟುಕೊಳ್ಳೋಕೆ ನಮಗೆ ದಾರಿ ಇಲ್ಲ, ನಾಳೆ ಕಮಿಷನ್ ಏರಿಸಿದ್ರೆ ಕೇಳೋ ಹಾಗಿಲ್ಲ. ಅದಕ್ಕೇ ಹಲವು ಅಂಗಡಿ ಅಂದದ್ದು. ಪುಸ್ತಕದ ಪಟ್ಟಿ, ಬೆಲೆ, ಫೈಲು ನಮ್ಮ ಕೈಯಲ್ಲಿರಬೇಕು. ಅಂಗಡಿಗಳು ಅದರ ಕಿಟಕಿಗಳು ಮಾತ್ರ. ಒಂದು ಕಿಟಕಿ ಮುಚ್ಚಿದ್ರೆ ಮನೆ ಬೀಳಬಾರದು. ಮುದ್ರಕರೂ ಅಷ್ಟೆ, ಇಬ್ಬರಿರಲಿ. ಅಂಚೆ ವಿಷಯದಲ್ಲಿ ಈ ಪಾಠ ನಾವೆಲ್ಲ ಕಲಿತಿದ್ದೀವಿ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯ ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾದ್ರು. 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಬಂತು, 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಮೇಷ್ಟ್ರ ಪುಸ್ತಕ ಆ ತೂಕದೊಳಗೇ ಇದೆ. ನಡುವಿನ ತಿಂಗಳುಗಳಲ್ಲಿ ಕೊರಿಯರಿಗೆ ಬದಲಾಯಿಸೋಕೆ ನಮಗೆ ಒಂದು ಸಾಲು ತಿದ್ದಿದ್ರೆ ಸಾಕಾಗಿತ್ತು.

ಲೇಖಕರೇ, ನಿಮಗೆ ಒಂದು ವಿನಂತಿ. ಮುಂದಿನ ಪುಸ್ತಕ ಕೊಡುವಾಗ ಎರಡು ವಿಷಯ ಕೇಳಿ ಪಡೆಯಿರಿ. ಒಂದು, ಮುದ್ರಣಕ್ಕೆ ಹೋದ ಕೊನೆಯ ಪಿಡಿಎಫ್, ಒಳಪುಟ ಮತ್ತು ರಕ್ಷಾಪುಟ ಎರಡೂ. ಇನ್ನೊಂದು, ಹಕ್ಕನ್ನು ಎಷ್ಟು ವರ್ಷಕ್ಕೆ ಬರೆದುಕೊಡ್ತಿದ್ದೀರಿ ಅನ್ನೋದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ರೆ ಅದು ಐದು ವರ್ಷ ಅಂತಲೇ ಲೆಕ್ಕ. ಎಷ್ಟೋ ಜನ ‘ಅವರಿಗೆ ಕೊಟ್ಟುಬಿಟ್ಟಿದ್ದೀನಿ’ ಅಂತ ಕೈಕಟ್ಟಿ ಕೂತಿದ್ದಾರೆ. ಹಳೇ ಕಾಗದ ತೆಗೆದು ಒಮ್ಮೆ ಓದಿ. ಪುಸ್ತಕ ಇನ್ನೂ ನಿಮ್ಮದೇ ಇರಬಹುದು.

ಪ್ರಕಾಶಕರೇ, ಹಳೇ ಪುಸ್ತಕಗಳಲ್ಲಿ ಹತ್ತನ್ನ ಆರಿಸಿ. ಹತ್ತೇ ಸಾಕು. ಕೈಯಿಂದ ಅರವತ್ತು ಸಾವಿರ ಹಾಕಬೇಕಿಲ್ಲ. ಯಾರೂ ಕೊಳ್ಳದಿದ್ರೆ ನಷ್ಟ ಬಹಳ ಕಡಿಮೆ, ಆಗ ಓದುಗರಿಲ್ಲ ಅಂತ ಧೈರ್ಯವಾಗಿ ಹೇಳಿ, ನಾನೇ ಚಪ್ಪಾಳೆ ಹೊಡೀತೀನಿ.

ಮೇಷ್ಟ್ರ ಪುಸ್ತಕ ಮಾರ್ಚಿನಿಂದ ಸಿಗ್ತಿದೆ. ಎಂಟು ತಿಂಗಳಲ್ಲಿ 63 ಪ್ರತಿ ಹೋಗಿದೆ. ಇದೇನು ದೊಡ್ಡ ಸಂಖ್ಯೆ ಅಲ್ಲ, ಯಾರೂ ಇದರಿಂದ ಸಾಹುಕಾರ ಆಗೋದಿಲ್ಲ. ಆದ್ರೆ ಅದರಲ್ಲಿ ನಾಲ್ಕು ಪ್ರತಿ ಪಕ್ಕದ ಪಂಚಾಯಿತಿಯವರು ತರಿಸಿದ್ದು. ಅಲ್ಲಿನ ಕೆರೆಯ ಹೂಳು ತೆಗೆಯೋ ಕೆಲಸ ಈ ಬೇಸಿಗೆಗೆ ಇದೆ. ಮೇಷ್ಟ್ರು ಫೋನಿನಲ್ಲಿ ಹೇಳಿದ್ರು: ‘ನಕ್ಷೆಯಲ್ಲಿ ಒಂದು ತೂಬು ತಪ್ಪು ಕಡೆ ಹಾಕಿದ್ದೆ ಕಣಪ್ಪ, ಹದಿನಾರು ವರ್ಷದಿಂದ ಕೊರೀತಿತ್ತು. ತಿದ್ದಬಹುದಾ?’

ತಿದ್ದಿದ್ವಿ. 64ನೇ ಪ್ರತಿಯಿಂದ ತೂಬು ಸರಿಯಾದ ಜಾಗದಲ್ಲಿರುತ್ತೆ.